ಒಂದು ಕೊಂಡಿ ಕಳಚಿದರೆ: ಕಡಿಮೆ ಖರ್ಚಿನಲ್ಲಿ ಮನೆಯ ತುರ್ತು ತಯಾರಿ

(ಧಾರವಾಡದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ತಾಯಂದಿರೇ, ಅಣ್ಣ-ತಮ್ಮಂದಿರೇ,

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂಲೆಯಲ್ಲಿ ಒಂದು ಚೀಲ ಜೋಳ ಇದೆ. ನೆಲದೊಳಗಿನ ಟಾಕಿಯಲ್ಲಿ ಎರಡು ಸಾವಿರ ಲೀಟರ್ ನೀರಿದೆ. ಬ್ಯಾಂಕಿನಲ್ಲಿ ನಾಲ್ಕು ದುಡ್ಡೂ ಇದೆ. ಆಶ್ಲೇಷ ಮಳೆ ಜಡಿ ಹಿಡಿದು ಮೂರು ದಿನವಾಗಿದೆ, ಕರೆಂಟ್ ಹೋಗಿ ಒಂದೂವರೆ ದಿನ. ಗಿರಣಿ ನಡೆಯುವುದಿಲ್ಲ, ಹಾಗಾಗಿ ಜೋಳ ಹಿಟ್ಟಾಗುವುದಿಲ್ಲ. ಮೋಟಾರು ನಡೆಯುವುದಿಲ್ಲ, ಹಾಗಾಗಿ ಟಾಕಿಯ ನೀರು ಮೇಲೆ ಬರುವುದಿಲ್ಲ. ಫೋನ್ ಆರಿದೆ. ಗ್ಯಾಸ್ ಬುಕ್ ಮಾಡಲು ಆಗದು, ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಡಲೂ ಆಗದು. ಮನೆಯಲ್ಲಿ ಎಲ್ಲವೂ ಇದೆ, ಕೈಗೆ ಯಾವುದೂ ಸಿಗುತ್ತಿಲ್ಲ.

ಈ ಮನೆಗೆ ಸಾಮಾನಿನ ಕೊರತೆಯಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿ ಉಳಿದದ್ದೆಲ್ಲ ನಿಂತುಹೋಗಿದೆ. ಆದ್ದರಿಂದ ತಯಾರಿ ಅಂದರೆ ಹೊಸ ಸಾಮಾನು ಕೊಳ್ಳುವುದು ಅಂತ ತಿಳಿಯಬೇಡಿ. ಇರುವ ಒಂದೊಂದು ವಸ್ತುವಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಕರೆಂಟ್ ಇಲ್ಲದೆ, ಅಂಗಡಿ ಇಲ್ಲದೆ, ಫೋನ್ ಇಲ್ಲದೆ ಇದು ನಾಲ್ಕು ದಿನ ನಡೆಯುತ್ತದೆಯೇ? ನಡೆಯದಿದ್ದರೆ ಕಳಚುವ ಕೊಂಡಿ ಯಾವುದು? ಆ ಕೊಂಡಿಗೆ ಮಾತ್ರ ಖರ್ಚು ಮಾಡಿ. ಮೇಲೆ ಹೇಳಿದ ಟಾಕಿಗೆ ಬೇಕಾದದ್ದು ಜನರೇಟರ್ ಅಲ್ಲ. ಇಪ್ಪತ್ತು ಅಡಿ ನೈಲಾನ್ ಹಗ್ಗ, ಅದಕ್ಕೆ ಕಟ್ಟಿದ ಒಂದು ಸಣ್ಣ ಬಕೆಟ್ ಸಾಕು. ಬಕೆಟ್ ಟಾಕಿಯ ಬಾಯಿಯಲ್ಲಿ ಇಳಿಯುತ್ತದೆಯೇ ಅಂತ ಇವತ್ತೇ ನೋಡಿ. ಎಷ್ಟೋ ಟಾಕಿಗಳ ಬಾಯಿ ಚಿಕ್ಕದು, ಮುಚ್ಚಳ ತುಕ್ಕು ಹಿಡಿದು ಕೂತಿರುತ್ತದೆ. ನೀರು ತೆಗೆಯಲು ಯಾರೂ ಒಳಗೆ ಇಳಿಯಬಾರದು. ಮುಚ್ಚಿದ ಟಾಕಿಯಾಗಲಿ, ಕಾಳು ತುಂಬಿಡುವ ನೆಲದೊಳಗಿನ ಹಳೆಯ ಹಗೇವು ಆಗಲಿ, ಒಳಗಿನ ಗಾಳಿ ಕೆಟ್ಟಿದ್ದರೆ ಇಳಿದವರು ಕೂಗುವ ಮೊದಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ.

ಈಗ ನೀರಿನ ಮಾತು. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ನಮ್ಮ ಭಾಗದ ತುರ್ತು ಬಹುತೇಕ ನೀರಿನಿಂದಲೇ ಶುರುವಾಗುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಬರಬೇಕು, ಗದಗ-ಬೆಟಗೇರಿಗೂ ಹಾವೇರಿಗೂ ತುಂಗಭದ್ರೆಯಿಂದ ಬರಬೇಕು. ಅಷ್ಟು ದೂರದ ಪೈಪು, ಪಂಪು, ಕರೆಂಟು ಇವುಗಳಲ್ಲಿ ಎಲ್ಲಿ ಏನು ಕೆಟ್ಟರೂ ನಳದ ಸರದಿ ತಪ್ಪುತ್ತದೆ. ಎಷ್ಟೋ ಓಣಿಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು ಬರುವುದು ನಮಗೆ ರೂಢಿಯಾಗಿದೆ. ಹಾಗಾಗಿ ನೀರು ತುಂಬಿಡುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಲೆಕ್ಕ ಮತ್ತು ಶುದ್ಧಿ.

ಲೆಕ್ಕ ಹೀಗಿದೆ. ಕುಡಿಯಲು ಒಬ್ಬರಿಗೆ ದಿನಕ್ಕೆ 3 ಲೀಟರ್, ಅಡಿಗೆಗೆ 2 ಲೀಟರ್. ಐದು ಮಂದಿಯ ಮನೆಗೆ ದಿನಕ್ಕೆ 25 ಲೀಟರ್. ನಳದ ಸರದಿ ಮುಗಿದ ಮೇಲೂ ಮೂರು ದಿನ ತಾಳಬೇಕೆಂದರೆ 75 ಲೀಟರ್, ಅಂದರೆ 15 ಲೀಟರ್ ಹಿಡಿಯುವ ಐದು ಕೊಡ. ಈ ಐದು ಕೊಡ ದಿನದ ಬಳಕೆಯ ಲೆಕ್ಕಕ್ಕೆ ಸೇರಬಾರದು. ನಳ ಬಂದ ದಿನ ಇವನ್ನು ಬಳಸಿ ಖಾಲಿ ಮಾಡಿ ಹೊಸ ನೀರು ತುಂಬಿ. ಕೈಕಾಲು, ಪಾತ್ರೆ, ಸಂಡಾಸಿಗೆ ಬಿಗಿಹಿಡಿದು ಬಳಸಿದರೂ ಒಬ್ಬರಿಗೆ ಇನ್ನೊಂದು 10 ಲೀಟರ್ ಬೇಕು. ಮೂರು ದಿನಕ್ಕೆ 150 ಲೀಟರ್. ಒಂದು 200 ಲೀಟರಿನ ಬ್ಯಾರಲ್ ಇದ್ದರೆ ಆಯಿತು.

ಬ್ಯಾರಲ್ ಕೊಳ್ಳುವಾಗ ಎಚ್ಚರ. ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಬ್ಯಾರಲ್ ಮೊದಲು ಏನು ಹೊತ್ತು ಬಂದಿತ್ತೋ ಹೇಳಲಾಗದು. ರಾಸಾಯನಿಕ ಪ್ಲಾಸ್ಟಿಕ್ಕಿನೊಳಗೆ ಇಳಿದಿರುತ್ತದೆ, ಹತ್ತು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದು ಸಂಡಾಸಿನ ನೀರಿಗೆ ಮಾತ್ರ ಇರಲಿ. ಕುಡಿಯುವ ನೀರಿಗೆ ತಳದಲ್ಲಿ ಲೋಟ ಮತ್ತು ಮುಳ್ಳುಚಮಚದ ಗುರುತು ಇರುವ ಪ್ಲಾಸ್ಟಿಕ್ಕು, ಇಲ್ಲವೇ ಸ್ಟೀಲಿನ ಕೊಡ.

ಇನ್ನು ಶುದ್ಧಿ. ನಾಲ್ಕು ದಿನ ಖಾಲಿ ಬಿದ್ದ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪಕ್ಕದ ಗಟಾರದ ನೀರು ಪೈಪಿನ ಬಿರುಕುಗಳಿಂದ ಒಳಗೆ ಜಿನುಗುತ್ತದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆದರೆ ಆ ಹೊಲಸು ಇನ್ನೂ ಜೋರಾಗಿ ಒಳಗೆ ಬರುತ್ತದೆ. ಒಬ್ಬರ ಮನೆಯ ಮೋಟಾರು ಇಡೀ ಓಣಿಯ ಹೊಟ್ಟೆ ಕೆಡಿಸಬಲ್ಲದು. ಇದನ್ನು ಓಣಿಯವರೆಲ್ಲ ಕೂತು ಮಾತಾಡಿ ನಿಲ್ಲಿಸಬೇಕು. ನಳ ಬಂದ ಕೂಡಲೇ ಮೊದಲ ಐದು-ಹತ್ತು ನಿಮಿಷದ ನೀರನ್ನು ಬೇರೆ ಬಕೆಟ್ಟಿಗೆ ಹಿಡಿದು ಅಂಗಳ ತೊಳೆಯಲು ಬಳಸಿ. ನಿಚ್ಚಳ ಬಂದ ಮೇಲೆ ಕುಡಿಯುವ ಕೊಡ ಹಚ್ಚಿ. ನೀರು ಕೆಂಪಗೆ, ರಾಡಿಯಾಗಿ ಬಂದರೆ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ. ರಾಡಿ ನೀರಿಗೆ ಔಷಧ ಹಾಕಿದರೆ ರಾಡಿಯೇ ಔಷಧವನ್ನು ತಿಂದುಬಿಡುತ್ತದೆ, ರೋಗಾಣು ಉಳಿಯುತ್ತದೆ.

ಸೋಸಿದ ನೀರನ್ನು ಮರಳ ಮರಳ ಕುದಿಸಿ ಒಂದು ನಿಮಿಷ ಬಿಟ್ಟರೆ ಸಾಕು, ಹತ್ತು ನಿಮಿಷ ಕುದಿಸಿ ಗ್ಯಾಸ್ ಹಾಳು ಮಾಡುವ ಅಗತ್ಯವಿಲ್ಲ. ಗ್ಯಾಸ್ ಉಳಿಸಬೇಕಾದಾಗ ಬ್ಲೀಚಿಂಗ್ ಪೌಡರ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 33 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ತೂಗಿಸಿ. ಮೊದಲು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕಲೆಸಿ, ಆಮೇಲೆ ಒಟ್ಟು 1 ಲೀಟರ್ ಆಗುವಷ್ಟು ನೀರು ಸೇರಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಣ್ಣದ ಪ್ಲಾಸ್ಟಿಕ್ ಬಾಟಲಿಗೆ ಬಸಿಯಿರಿ. ಇದು ಶೇಕಡಾ 1ರ ಕ್ಲೋರಿನ್ ದ್ರಾವಣ. ಔಷಧ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿಲಿಲೀಟರ್ ಸಿರಿಂಜ್ ತಗೊಳ್ಳಿ. 15 ಲೀಟರಿನ ಒಂದು ಕೊಡಕ್ಕೆ 3 ಮಿಲಿಲೀಟರ್, 200 ಲೀಟರಿನ ಬ್ಯಾರಲ್‌ಗೆ 40 ಮಿಲಿಲೀಟರ್. ಕಲಕಿ, ಮುಚ್ಚಿ, ಅರ್ಧ ತಾಸು ಕಾಯಿರಿ. ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು. ಬರದಿದ್ದರೆ ಅಷ್ಟೇ ಇನ್ನೊಮ್ಮೆ ಹಾಕಿ ಮತ್ತೆ ಅರ್ಧ ತಾಸು. ದ್ರಾವಣ ಒಂದು ವಾರಕ್ಕಿಂತ ಹೆಚ್ಚು ನಂಬುವಂಥದ್ದಲ್ಲ. ಪುಡಿಯೂ ಹಾಗೆಯೇ. ಹಸಿ ತಾಗಿ ಗಂಟುಕಟ್ಟಿ, ಮೂಗಿಗೆ ಹೊಡೆಯುವ ವಾಸನೆ ಹೋಗಿದ್ದರೆ ಅದು ಸತ್ತ ಪುಡಿ. ಬಾಟಲಿಯ ಮೇಲೆ ತಾರೀಖು ಬರೆದು ಮಕ್ಕಳ ಕೈಗೆಟಕದ ಕಡೆ ಇಡಿ. ಸಂಡಾಸು ತೊಳೆಯುವ ಆಸಿಡ್ಡಿನ ಜೊತೆ ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ತುಂಬಿಟ್ಟ ನೀರಿನ ಇನ್ನೊಂದು ಅಪಾಯ ಡೆಂಗಿ. ಆ ಸೊಳ್ಳೆಗೆ ಗಟಾರ ಬೇಡ, ನಿಮ್ಮ ಬ್ಯಾರಲ್‌ನ ತಿಳಿನೀರೇ ಬೇಕು. ಮೊಟ್ಟೆಯಿಂದ ರೆಕ್ಕೆ ಬರಲು ಬಿಸಿಲಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಬ್ಯಾರಲ್ ಖಾಲಿ ಮಾಡಬೇಕು. ಬರೇ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಅಂಚಿಗೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕಿ. ಬಾಯಿಗೆ ಹಳೆಯ ಧೋತರದ ಬಟ್ಟೆ ಬಿಗಿಯಾಗಿ ಕಟ್ಟಿ, ಬಟ್ಟೆ ನೀರಿಗೆ ತಾಗದಿರಲಿ.

ಮಳೆನೀರು ಪುಕ್ಕಟೆ ಬರುತ್ತದೆ, ಆದರೂ ನಾವು ಬಿಡುತ್ತೇವೆ. 100 ಚದರ ಅಡಿ ತಗಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ಸಿಡಿದು ಸೋರಿ ಹೋಗಿಯೂ ಮುಕ್ಕಾಲು ಪಾಲು ಕೈಗೆ ಸಿಗುತ್ತದೆ. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ತಗಡಿನ ಅಂಚಿಗೆ ಸ್ವಲ್ಪ ಇಳುಕಲಾಗಿ ತಂತಿಯಿಂದ ಕಟ್ಟಿ. ಮೊದಲ ಹದಿನೈದು ನಿಮಿಷದ ಮಳೆ ಧೂಳು, ಹಕ್ಕಿ ಹಿಕ್ಕೆ ತೊಳೆಯಲು ಹೋಗಲಿ. ಆಮೇಲೆ ಬ್ಯಾರಲ್ ಇಡಿ.

ಊಟಕ್ಕೆ ಬರೋಣ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಕಾಳು, 80 ಗ್ರಾಂ ಬೇಳೆ, 30 ಗ್ರಾಂ ಎಣ್ಣೆ ಅಂತ ಹಿಡಿದರೆ ಐದು ಮಂದಿಗೆ ಒಂದು ವಾರಕ್ಕೆ 14 ಕಿಲೋ ಜೋಳ-ಅಕ್ಕಿ, ಸುಮಾರು 3 ಕಿಲೋ ಬೇಳೆ, ಒಂದು ಕಿಲೋಗಿಂತ ತುಸು ಹೆಚ್ಚು ಎಣ್ಣೆ. ಇದು ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇದ್ದೇ ಇದೆ. ಕಳಚುವ ಕೊಂಡಿ ಗಿರಣಿ. ಹಾಗಂತ ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಡಲು ಬರುವುದಿಲ್ಲ, ಹಳೆಯ ಹಿಟ್ಟಿಗೆ ಜಿಗಿ ಇರದೆ ರೊಟ್ಟಿ ಬಡಿಯುವಾಗ ಒಡೆಯುತ್ತದೆ, ರುಚಿಯೂ ಕಹಿ ತಿರುಗುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಕಟಕ ರೊಟ್ಟಿ. ಬೇಸಿಗೆಯಲ್ಲೇ ಅರವತ್ತು-ಎಪ್ಪತ್ತು ರೊಟ್ಟಿ ತೆಳ್ಳಗೆ ಬಡಿದು, ಹೆಂಚಿನ ಮೇಲೆ ಪೂರ್ತಿ ಒಣಗಿಸಿ, ಬಿಸಿ ಪೂರಾ ಆರಿದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬುಟ್ಟಿಯಲ್ಲಿಟ್ಟರೂ ಹಸಿ ಹಿಡಿದು ಮೆತ್ತಗಾಗುತ್ತವೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಒಂದೆರಡು ಕಿಲೋ ಅವಲಕ್ಕಿ, ಪುಟಾಣಿ, ಬೆಲ್ಲ. ಒಲೆ ಹಚ್ಚದೆ ಎರಡು ದಿನ ಊಟ ಸಾಗುತ್ತದೆ. ಪೇಟೆಯ ಬಿಸ್ಕೀಟಿಗಿಂತ ಇದು ಅಗ್ಗ, ಹೊಟ್ಟೆಗೂ ಗಟ್ಟಿ. ಜೋಳದ ನುಚ್ಚನ್ನು ಒಂದೆರಡು ಕಿಲೋ ಮೊದಲೇ ಒಡೆಸಿಟ್ಟುಕೊಂಡರೆ ಗಿರಣಿಯ ಹಂಗೂ ತಪ್ಪುತ್ತದೆ.

ಒಂದೇ ಸಿಲಿಂಡರ್ ಇರುವ ಮನೆಗೆ ಅದು ಯಾವಾಗ ಮುಗಿಯುತ್ತದೆ ಎನ್ನುವುದೇ ಚಿಂತೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ತೂಕದ ಯಂತ್ರದ ಮೇಲಿಟ್ಟು ಬಂದ ತೂಕದಲ್ಲಿ ಅದನ್ನು ಕಳೆಯಿರಿ, ಉಳಿದದ್ದು ಗ್ಯಾಸು. ತುಂಬಿದಾಗ 14.2 ಕಿಲೋ ಇರಬೇಕು, 3 ಕಿಲೋಗೆ ಇಳಿದಾಗ ಬುಕ್ ಮಾಡಿ. ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಎ ಅಂದರೆ ಜನವರಿ-ಮಾರ್ಚ್, ಬಿ ಏಪ್ರಿಲ್-ಜೂನ್, ಸಿ ಜುಲೈ-ಸೆಪ್ಟೆಂಬರ್, ಡಿ ಅಕ್ಟೋಬರ್-ಡಿಸೆಂಬರ್. ಸಿ 27 ಅಂತಿದ್ದರೆ 2027ರ ಸೆಪ್ಟೆಂಬರಿನೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕು ಅಂತ. ಅವಧಿ ಮೀರಿದ್ದನ್ನು ಬಾಗಿಲಲ್ಲೇ ವಾಪಸ್ ಕೊಡಿ. ರಬ್ಬರ್ ನಳಿಕೆ ಐದು ವರ್ಷಕ್ಕೆ ಬದಲಿಸಬೇಕು. ಸೋರುವಿಕೆ ನೋಡಲು ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವುದು ಜೀವಕ್ಕೆ ಕುತ್ತು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕದ ಕಿಟಕಿ ತೆಗೆಯಿರಿ. ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ಕೂರುತ್ತದೆ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಗ್ಯಾಸ್ ಉಳಿಸಲು ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಸಾಧನ ಮಡಚಿ ಕೂತಿದೆ, ಅದು ಕೌದಿ, ಅಂದರೆ ಹಳೆಯ ಬಟ್ಟೆ ಸೇರಿಸಿ ಹೊಲಿದ ದಪ್ಪ ಹೊದಿಕೆ. ದಪ್ಪ ತಳದ ಪಾತ್ರೆಯಲ್ಲಿ ಅಕ್ಕಿಗೆ ಎರಡರಷ್ಟು ನೀರಿಟ್ಟು, ಮುಕ್ಕಾಲು ಪಾತ್ರೆ ತುಂಬಿರುವಂತೆ ನೋಡಿಕೊಂಡು, ಜೋರಾಗಿ ಏಳು ನಿಮಿಷ ಕುದಿಸಿ. ಮುಚ್ಚಳ ತೆಗೆಯದೆ ಇಳಿಸಿ ಮೊದಲು ಹಳೆಯ ಟವೆಲ್, ಅದರ ಮೇಲೆ ಎರಡು ಕೌದಿ ಕೆಳಗೂ ಮೇಲೂ ಬರುವಂತೆ ಸುತ್ತಿ ಒಂದು ತಾಸು ಬಿಡಿ. ಅನ್ನ ತಾನೇ ಅರಳುತ್ತದೆ. ತೊಗರಿ ಬೇಳೆಯಾದರೆ ಎರಡು ತಾಸು ನೆನೆಸಿ, ಹದಿನೈದು ನಿಮಿಷ ಕುದಿಸಿ, ಎರಡು ತಾಸು ಕೌದಿಯಲ್ಲಿ. ನಡುವೆ ತೆರೆದು ನೋಡುವ ಆಸೆಯೇ ಇದನ್ನು ಕೆಡಿಸುವುದು. ಅರ್ಧ ಪಾತ್ರೆ ಮಾಡಿದರೂ ಬಿಸಿ ಬೇಗ ಆರುತ್ತದೆ. ತೆರೆದಾಗ ಮುಟ್ಟಲಾಗದಷ್ಟು ಬಿಸಿ ಇರಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಕುದಿಸಿ ಉಣ್ಣಿ. ಇದ್ದಿಲಿನ ಶೇಗಡಿಯನ್ನು ಮಾತ್ರ ಕದ ಹಾಕಿದ ಕೋಣೆಯಲ್ಲಿ ಉರಿಸಬೇಡಿ. ಅದರಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬೆಳಕಿಗೆ, ಹೊಲ ಇರುವ ಮನೆಯಲ್ಲಿ ಔಷಧ ಹೊಡೆಯುವ ಬ್ಯಾಟರಿ ಪಂಪು ಇದ್ದರೆ ಅರ್ಧ ಕೆಲಸ ಆದಂತೆ. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಲೆಕ್ಕಕ್ಕೆ 96 ವ್ಯಾಟ್-ಅವರ್, ಬ್ಯಾಟರಿ ಬಾಳಬೇಕೆಂದರೆ ಅರ್ಧ ಮಾತ್ರ ಬಳಸಬೇಕು. 5 ವ್ಯಾಟಿನ 12 ವೋಲ್ಟ್ ಡಿಸಿ ಎಲ್ಇಡಿ ಬಲ್ಬು ಒಂಬತ್ತು ತಾಸು ಉರಿಯುತ್ತದೆ. ವಾಹನಗಳಿಗೆ ಹಾಕುವ ಯುಎಸ್‌ಬಿ ಚಾರ್ಜರ್ ಜೋಡಿಸಿದರೆ ಫೋನೂ ಚಾರ್ಜ್ ಆಗುತ್ತದೆ. ಬ್ಯಾಟರಿಯನ್ನು ಬಿಚ್ಚಿ, ಒರೆಸಿ ಒಳಗೆ ತನ್ನಿ, ವಿಷದ ಡಬ್ಬಿ ಹೊರಗೇ ಇರಲಿ. ಕೆಂಪು ತಂತಿಗೆ, ಬ್ಯಾಟರಿಯ ತುದಿಗೆ ಹತ್ತಿರದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಲೇಬೇಕು. ಇಲ್ಲದಿದ್ದರೆ ಎರಡು ತಂತಿ ತಾಗಿದ ಕ್ಷಣಕ್ಕೆ ತಂತಿ ಕಾದು ಬೆಂಕಿ ಹೊತ್ತುತ್ತದೆ. ಸುಗ್ಗಿ ಮುಗಿದ ಮೇಲೆ ಖಾಲಿ ಬ್ಯಾಟರಿಯನ್ನು ಅಟ್ಟಕ್ಕೆ ಎಸೆದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮುಂದಿನ ವರ್ಷ ಚಾರ್ಜೇ ಹಿಡಿಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಅಂತ ಬರೆದಿದ್ದರೂ ಅದು ಒಳಗಿನ 3.7 ವೋಲ್ಟಿನ ಲೆಕ್ಕ. ನಡುವಿನ ನಷ್ಟ ಕಳೆದು ಇಂದಿನ ದೊಡ್ಡ ಫೋನನ್ನು ಒಂದೂವರೆ ಸಲ ತುಂಬುತ್ತದೆ, ಎರಡು ಸಲ ಅಂತ ನಂಬಬೇಡಿ. ಇನ್ವರ್ಟರ್ ಇದ್ದವರು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರಿನ ನೀರಿನ ಲವಣ ತಟ್ಟೆಗಳನ್ನು ತಿನ್ನುತ್ತದೆ. ತಂತಿ ಹರಿದು ಬಿದ್ದರೆ ಹತ್ತಿರ ಹೋಗದೆ ಕರೆಂಟ್ ಕಂಪನಿ ಹೆಸ್ಕಾಂನ 1912ಕ್ಕೆ ತಿಳಿಸಿ.

ಹಳ್ಳಿಯಿಂದ ಬಂದವರಿಗೆ ಮುಖ್ಯವಾದದ್ದು ಮೇಲ್ಮುದ್ದಿ ಮನೆ, ಅಂದರೆ ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆ. 2009ರ ಅಕ್ಟೋಬರಿನ ಆರಂಭದಲ್ಲಿ, 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿದ್ದನ್ನು ನವಲಗುಂದ, ನರಗುಂದ, ರೋಣದವರು ಮರೆತಿಲ್ಲ. ಆದರೆ ಹೊಳೆ ಬಾರದ ಊರಿನಲ್ಲೂ ಜಡಿಮಳೆಗೆ ಮಣ್ಣಿನ ಮನೆ ಬೀಳುತ್ತದೆ. ಯಾಕೆ ಅಂತ ಲೆಕ್ಕ ಹಾಕಿ: 10 ಅಡಿಗೆ 12 ಅಡಿ ಕೋಣೆಯ ಮೇಲೆ ಅರ್ಧ ಅಡಿ ಮಣ್ಣಿದ್ದರೆ ಒಣಗಿದಾಗಲೇ ಎರಡು ಟನ್ನಿಗಿಂತ ಹೆಚ್ಚು ಭಾರ. ನೀರು ಕುಡಿದರೆ ಇನ್ನೂ ನಾಲ್ಕುನೂರು-ಐದುನೂರು ಕಿಲೋ ಏರುತ್ತದೆ. ಪ್ರತಿ ಬೇಸಿಗೆಯಲ್ಲಿ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ಕೆರೆದು ತೆಗೆಯುವುದಿಲ್ಲ. ಹತ್ತು ವರ್ಷದಲ್ಲಿ ಅರ್ಧ ಅಡಿ ಒಂದು ಅಡಿಯಾಗುತ್ತದೆ, ಜಂತಿ ಮಾತ್ರ ಅಜ್ಜನ ಕಾಲದ್ದು. ಎಷ್ಟು ಹಾಕುತ್ತೀರೋ ಅಷ್ಟು ಕೆರೆದು ತೆಗೆಯಿರಿ. ಜಂತಿ ಗೋಡೆಯೊಳಗೆ ಸೇರುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬೆರಳಿನ ಗೆಣ್ಣಿನಷ್ಟು ಒಳಗೆ ಹೋದರೆ ಅಲ್ಲಿ ಗೆದ್ದಲು ತಿಂದಿದೆ. ಆ ಜಂತಿಗೆ ಕೆಳಗಿನಿಂದ ಕಂಬ ಕೊಡಿ, ಕಂಬದ ಬುಡಕ್ಕೆ ಹಲಗೆಯಿಡಿ, ಇಲ್ಲದಿದ್ದರೆ ಹಸಿನೆಲದಲ್ಲಿ ಕಂಬವೇ ಇಳಿಯುತ್ತದೆ. ರೋಹಿಣಿ ಮಳೆಗೆ ಮುಂಚೆ ಮಾಳಿಗೆಯ ನೀರು ಹೋಗುವ ದೋಣಿಯ ಕಸ ತೆಗೆದು, ಗಾಳಿ ಬೀಸುವ ಕಡೆಯ ಗೋಡೆಗೆ ತಾಡಪತ್ರಿ ಇಳಿಬಿಡಿ.

ಎರಿ ನೆಲದ, ಅಂದರೆ ಕಪ್ಪು ಮಣ್ಣಿನ ಮೇಲಿನ ಮನೆಗಳಲ್ಲಿ ಬಿರುಕು ಇಲ್ಲದ ಗೋಡೆ ಅಪರೂಪ. ಬೇಸಿಗೆಯಲ್ಲಿ ಆ ಮಣ್ಣು ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಬುನಾದಿ ಎದ್ದು ಇಳಿಯುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಅದು ಜೀವಂತ ಬಿರುಕು. ಗೋಡೆಯ ಬುಡ ಉಬ್ಬಿದರೆ, ಮಣ್ಣು ಪುರುಪುರು ಉದುರಿದರೆ, ಕದ ಇದ್ದಕ್ಕಿದ್ದಂತೆ ಚೌಕಟ್ಟಿಗೆ ಹಿಡಿದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಮಳೆ ನಿಂತು ಬಿಸಿಲು ಬಿತ್ತು ಅಂತ ಒಳಗೆ ಹೋಗಲು ಅವಸರ ಮಾಡಬೇಡಿ, ನೆನೆದ ಗೋಡೆ ಎರಡು ದಿನ ಬಿಟ್ಟೂ ಕುಸಿಯುತ್ತದೆ. ಮೇನ್ ಸ್ವಿಚ್ ಕೂಡ ಗೋಡೆ ಒಣಗುವ ತನಕ ಹಾಕಬಾರದು.

ಮನೆ ಬಿದ್ದರೆ ಪಂಚನಾಮೆಗೆ ಕಾಗದ ಬೇಕು. ಮಳೆಗಾಲಕ್ಕೆ ಮುಂಚೆ ಮನೆಯ ನಾಲ್ಕೂ ಗೋಡೆ, ಮಾಳಿಗೆಯ ಫೋಟೋ ತೆಗೆದಿಡಿ. ಆಧಾರ್, ರೇಷನ್ ಕಾರ್ಡ್, ಉತಾರ, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್‌ಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಎರಡು ಸಲ ಮಡಚಿ ಕಟ್ಟಿ. ಅದರೊಳಗೇ ಹತ್ತು, ಇಪ್ಪತ್ತು, ಐವತ್ತರ ನೋಟಿನಲ್ಲಿ ಸಾವಿರ ರೂಪಾಯಿ, ಮತ್ತು ಕಾಗದದ ಮೇಲೆ ಬರೆದ ನಂಬರುಗಳು: ತುರ್ತಿನ 112, ಆಂಬುಲೆನ್ಸಿನ 108, 1912, 1906, ಜಿಲ್ಲಾ ನಿಯಂತ್ರಣ ಕೊಠಡಿಯ 1077, ನೆಂಟರದ್ದು ಎರಡು. ಫೋನ್ ಆರಿದಾಗ ನೆಂಟರ ನಂಬರು ಯಾರ ಬಾಯಿಗೂ ಬರುವುದಿಲ್ಲ.

ಇದಕ್ಕೆಲ್ಲ ದುಡ್ಡು? ಸಂಕ್ರಾಂತಿಯಿಂದ ಮೃಗಶಿರದ ತನಕ ತಿಂಗಳಿಗೆ 300 ರೂಪಾಯಿ ತೆಗೆದಿಟ್ಟರೂ ಸಾಗುತ್ತದೆ. ಮೊದಲ ತಿಂಗಳು ಹಗ್ಗ, ಬಕೆಟ್, ಸಿರಿಂಜ್, ವಾಂತಿ-ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪೊಟ್ಟಣ. ಆಮೇಲೆ ಡಿಸಿ ಬಲ್ಬು, ಫ್ಯೂಸು. ಮುಂದೆ ಬೇಳೆ, ಎಣ್ಣೆ ಸ್ವಲ್ಪ ಸ್ವಲ್ಪ. ತಾಡಪತ್ರಿ ಕೊನೆಗೆ, ಗುಂಪಿನವರು ಸೇರಿ ದೊಡ್ಡದು ತಂದು ಹಂಚಿಕೊಂಡರೆ ಅಗ್ಗ. ಬ್ಲೀಚಿಂಗ್ ಪೌಡರ್ ಜೂನ್‌ನಲ್ಲೇ ಕೊಳ್ಳಿ, ಜನವರಿಯಲ್ಲಿ ಕೊಂಡರೆ ಮಳೆಗಾಲಕ್ಕೆ ಸತ್ತಿರುತ್ತದೆ. ಓಆರ್‌ಎಸ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ, ಆದ್ದರಿಂದ ಮೊದಲು ಉಪ್ಪು ಕರಗಿಸಿ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಒಂದು ದಿನ ದಾಟಿದರೆ ಚೆಲ್ಲಿ.

ಕೊನೆಗೆ ಸಕ್ಕರೆ ಕಾಯಿಲೆಯವರ ಪ್ರಶ್ನೆ: ಕರೆಂಟ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ಎಲ್ಲಿಡುವುದು? ಒಂದು ಹರವಿ, ಅಂದರೆ ದೊಡ್ಡ ಮಣ್ಣಿನ ಗಡಿಗೆ, ಅದರೊಳಗೆ ಕೂರುವ ಸಣ್ಣ ಗಡಿಗೆ ತನ್ನಿ, ಎರಡೂ ಎಣ್ಣೆ-ಬಣ್ಣ ಹಚ್ಚದ ಮಣ್ಣಿನವು. ನಡುವೆ ಎರಡು ಬೆರಳು ಅಗಲ ಉಸುಕು ತುಂಬಿ, ಮುಂಜಾನೆ ಸಂಜೆ ಉಸುಕಿಗೆ ನೀರು ಹನಿಸಿ. ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗಿನ ಗಡಿಗೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಗದುಗಿನ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ, ಮಳೆಗಾಲದ ಹಸಿ ಗಾಳಿಯಲ್ಲಿ ಅಷ್ಟಾಗಿ ಆಗದು, ಆದರೆ ಆಗ ಹೊರಗಿನ ಬಿಸಿಯೂ ಕಡಿಮೆ. ಬಾಟಲಿಯ ಔಷಧದಲ್ಲಿ ಗಂಟು ಕಂಡರೆ, ತಿಳಿಯಾಗಿರಬೇಕಾದದ್ದು ಮಸುಕಾದರೆ ಚುಚ್ಚಿಕೊಳ್ಳಬೇಡಿ, ಹೊಸ ಬಾಟಲಿ ತರಿಸಿ.